ಗಾಲಿ ಕಟ್ಟಿದ ಕಾಲುಗಳು

ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ಆರೆಗಾನ್ ರಾಜ್ಯದಲ್ಲಿ ಪೋರ್ಟ್‌ಲೆಂಡ್ ಎಂಬ ನಗರವಿದೆ. ಗುಲಾಬಿಯ ನಗರವೆಂದು ಅದಕ್ಕೆ ಅಡ್ಡಹೆಸರು. ಊರನ್ನು ಎರಡಾಗಿ ಸೀಳಿಕೊಂಡು ವಿಲ್ಯಾಮಿಟ್ ಎಂಬ ನದಿ ಹರಿಯುತ್ತದೆ. ನದಿಯ ದಂಡೆಯ ಮೇಲೆ 1905ರಲ್ಲಿ ತೆರೆದ ಓಕ್ಸ್ ಪಾರ್ಕ್ ಎಂಬ ವಿಹಾರೋದ್ಯಾನ. ನಮ್ಮ ಜಾತ್ರೆಗಳಲ್ಲಿ ನಾಲ್ಕು ದಿನ ನಿಂತು ಹೋಗುವ ತೊಟ್ಟಿಲು, ತಿರುಗುಕುದುರೆಗಳಂಥವು ಅಲ್ಲಿ ಕಾಯಮ್ಮಾಗಿ ನೆಲೆ ನಿಂತಿವೆ. ಅದರೊಳಗೆ ಗಾಲಿಬೂಟು ಕಟ್ಟಿಕೊಂಡು ಜಾರುವವರಿಗಾಗಿ ಒಂದು ದೊಡ್ಡ ಮರದ ಅಂಗಳವುಂಟು. 1948ರ ಪ್ರವಾಹದಲ್ಲಿ ಅದು ಕೆಟ್ಟುಹೋಯಿತು. ಮತ್ತೆ ಕಟ್ಟಿದವರು ನೆಲದ ಹಲಗೆಗಳನ್ನು ಗಾಳಿಯಾಡದ ಕಬ್ಬಿಣದ ಪೀಪಾಯಿಗಳ ಮೇಲೆ ಕೂಡಿಸಿದರು. ನದಿ ಉಕ್ಕಿದಾಗ ನೆಲವನ್ನು ಕಟ್ಟಿನಿಂದ ಬಿಡಿಸಿಬಿಟ್ಟರೆ ಅದು ತೆಪ್ಪದಂತೆ ತೇಲುತ್ತದೆ. ನೀರು ಇಳಿದಮೇಲೆ ತಾನೂ ಇಳಿಯುತ್ತದೆ. 1996ರ ದೊಡ್ಡ ನೆರೆಯಲ್ಲಿ ಅದು ಉಳಿದದ್ದು ಹೀಗೆ.

ನಾನು ಹೇಳಹೊರಟಿರುವುದು ಆ ತೇಲುವ ನೆಲದ ವಿಷಯವಲ್ಲ. ಅದೇ ಉದ್ಯಾನದಲ್ಲಿ ಹ್ಯಾಂಗರ್ ಎಂದು ಕರೆಯುವ, ಹೆಸರಿಗೆ ತಕ್ಕಂತೆ ವಿಮಾನದ ಕೊಟ್ಟಿಗೆಯನ್ನು ಹೋಲುವ ಮತ್ತೊಂದು ಕಟ್ಟಡದಲ್ಲಿ, 2019ರ ವಸಂತದ ಒಂದು ಸಂಜೆ ನಾನು ಮೊದಲ ಬಾರಿಗೆ ನೋಡಿದ ಹೆಂಗಸರ ಆಟದ ವಿಷಯ. ಅದಕ್ಕೆ ರೋಲರ್ ಡರ್ಬಿ ಎಂದು ಹೆಸರು. ಕಣ್ಣಿಗಾಗಿಯೇ ಹುಟ್ಟಿದ ಆಟವನ್ನು ಆಕಾಶವಾಣಿಯ ಮೂಲಕ ಕಿವಿಗೆ ಮುಟ್ಟಿಸುವುದು ಕಷ್ಟ. ಆದರೂ ಪ್ರಯತ್ನಿಸುತ್ತೇನೆ.

ಪೋರ್ಟ್‌ಲೆಂಡಿನ ಪಶ್ಚಿಮದ ಉಪನಗರಗಳಲ್ಲಿ ಕಂಪ್ಯೂಟರ್ ಚಿಪ್ಪುಗಳ ಕಾರ್ಖಾನೆಗಳಿರುವುದರಿಂದ ಕನ್ನಡದ ಮನೆಗಳೂ ಅಲ್ಲಿ ಸಾಕಷ್ಟಿವೆ. ಮಕ್ಕಳ ಮನೆಗೆ ಆರು ತಿಂಗಳ ಮಟ್ಟಿಗೆ ಹೋಗಿ ಬರುವ ತಂದೆತಾಯಿಗಳ ಸಾಲಿನಲ್ಲಿ ನಾನೂ ಒಬ್ಬಳು. ಆ ವರ್ಷ ಹದಿಮೂರಕ್ಕೆ ಕಾಲಿಟ್ಟಿದ್ದ ನನ್ನ ಮೊಮ್ಮಗಳು ತಾನು ಈ ಆಟಕ್ಕೆ ಸೇರಬೇಕೆಂದು ಹಟ ಹಿಡಿದಿದ್ದಳು. ಅಲ್ಲಿನ ಸಂಘವಾದ ರೋಸ್ ಸಿಟಿ ರೋಲರ್ಸ್ ಹನ್ನೆರಡರಿಂದ ಹದಿನೇಳರ ಹುಡುಗಿಯರಿಗಾಗಿ ಪ್ರತ್ಯೇಕ ವಿಭಾಗವನ್ನು ನಡೆಸುತ್ತದೆ. ಅರ್ಜಿಗೆ ತಂದೆತಾಯಿಯ ಸಹಿ ಬೇಕು. ಮಗಳು ಸಹಿ ಮಾಡಿರಲಿಲ್ಲ, ಆಗದೆಂದೂ ಹೇಳಿರಲಿಲ್ಲ. ಕಾಗದ ಅಡಿಗೆಮನೆಯ ಕಟ್ಟೆಯ ಮೇಲೆ ಹಣ್ಣಿನ ಬುಟ್ಟಿಯ ಕೆಳಗೆ ಹತ್ತು ದಿನ ಬಿದ್ದಿತ್ತು. “ಅಮ್ಮ, ನೀನೂ ಒಂದು ಸಲ ನೋಡು. ಆಮೇಲೆ ಮಾತಾಡೋಣ” ಎಂದಳು. ಹೀಗೆ ನಾವು ಮೂರು ತಲೆಮಾರಿನವರು ಒಂದೇ ಕಾರಿನಲ್ಲಿ ಹೊರಟೆವು.

ಆಟದ ಪೂರ್ವಕಥೆಯನ್ನು ಸ್ವಲ್ಪ ಹೇಳಬೇಕು. 1930ರ ದಶಕದ ಅಮೆರಿಕದಲ್ಲಿ ಕೆಲಸವಿಲ್ಲದ ಜನ, ದುಡ್ಡಿಲ್ಲದ ಸಂಜೆಗಳು. ದಿನಗಟ್ಟಲೆ ನಿಲ್ಲದೆ ನಡೆಯುವ, ಕುಣಿಯುವ ಪಂದ್ಯಗಳನ್ನು ಏರ್ಪಡಿಸಿ, ಬಳಲಿ ಬೀಳುವವರನ್ನು ತೋರಿಸಿ ಟಿಕೆಟ್ಟು ಮಾರುವುದು ಆಗ ಒಂದು ಉದ್ಯಮ. ಅಂಥ ಉದ್ಯಮಿಗಳಲ್ಲೊಬ್ಬನಾದ ಲಿಯೋ ಸೆಲ್ಟ್ಸರ್ ಎಂಬಾತ 1935ರ ಆಗಸ್ಟ್ 13ರಂದು ಷಿಕಾಗೋ ನಗರದ ಕೊಲಿಸಿಯಮ್ ಎಂಬ ಸಭಾಂಗಣದಲ್ಲಿ ಗಾಲಿಬೂಟಿನ ಓಟವೊಂದನ್ನು ಪ್ರಾರಂಭಿಸಿದ. ಒಂದು ಗಂಡು ಒಂದು ಹೆಣ್ಣು ಸೇರಿದ 25 ಜೋಡಿಗಳು. ದುಂಡನೆಯ ಹಾದಿಯಲ್ಲಿ ಸುತ್ತುತ್ತ ಸುತ್ತುತ್ತ, ಅಮೆರಿಕ ಖಂಡವನ್ನು ಈ ಕಡಲಿನಿಂದ ಆ ಕಡಲಿಗೆ ದಾಟಿದಷ್ಟು ಮೈಲಿಗಳನ್ನು ವಾರಗಟ್ಟಲೆ ಕ್ರಮಿಸಬೇಕು. ಗಾಣದ ಎತ್ತಿನ ಯಾತ್ರೆ ಎನ್ನಿ. ಆದರೆ ಅದರಲ್ಲಿ ಗಮನಿಸಬೇಕಾದ ಅಂಶವೊಂದಿತ್ತು: ಹೆಂಗಸಿಗೂ ಗಂಡಸಿಗೂ ಅದೇ ಹಾದಿ, ಅದೇ ನಿಯಮ. ಆ ಕಾಲದ ಬೇರೆ ಆಟಗಳಲ್ಲಿ ಅಂಥ ಮಾತು ದುರ್ಲಭವಾಗಿತ್ತು.

ಆ ದಶಕದ ಕೊನೆಯಲ್ಲಿ ಡೇಮನ್ ರನ್ಯನ್ ಎಂಬ ಪ್ರಸಿದ್ಧ ಬರಹಗಾರ ಈ ಓಟವನ್ನು ನೋಡಿದ. ಓಟಗಾರರು ಅಕಸ್ಮಾತ್ತಾಗಿ ಒಬ್ಬರನ್ನೊಬ್ಬರು ಢಿಕ್ಕಿ ಹೊಡೆದಾಗ ಜನ ಎದ್ದು ನಿಲ್ಲುವುದನ್ನು ಕಂಡು, ಆ ತಳ್ಳಾಟವನ್ನೇ ಆಟದ ತಿರುಳಾಗಿ ಮಾಡಬಾರದೇಕೆಂದು ಸೂಚಿಸಿದ. ಅಲ್ಲಿಂದ ಓಟ ಹೋಗಿ ಡರ್ಬಿ ಬಂದಿತು. 1948ರಲ್ಲಿ ಟೆಲಿವಿಷನ್ನು ಅದನ್ನು ಮನೆಮನೆಗೆ ಕೊಂಡೊಯ್ದಿತು. ಆದರೆ ನೋಟಕರಿಗಾಗಿ ಆಡುವ ಆಟಕ್ಕೆ ನೋಟಕರೇ ಯಜಮಾನರಾಗುತ್ತಾರೆ. ಜುಟ್ಟು ಹಿಡಿಯುವ ಅಭಿನಯ, ಬೇಲಿಯ ಮೇಲೆ ಎತ್ತಿ ಹಾಕುವ ಅಭಿನಯ ಬೆಳೆದು ಆಟ ಸೊರಗಿತು. 1973ರಲ್ಲಿ ಸೆಲ್ಟ್ಸರನ ಮಗ ಅಂಗಡಿಯ ಬಾಗಿಲು ಮುಚ್ಚಿದ.

ಮುಂದಿನ ಅಧ್ಯಾಯ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ್ದು. 2001ರಲ್ಲಿ ಅಲ್ಲಿ ಒಬ್ಬ ವ್ಯಕ್ತಿ ಈ ಆಟವನ್ನು ಮತ್ತೆ ತೋರಿಸುವ ಯೋಜನೆ ಹೂಡಿ, ಹೆಂಗಸರನ್ನು ಕಲೆಹಾಕಿ, ಮಧ್ಯದಲ್ಲೇ ಊರು ಬಿಟ್ಟ. ಹೆಂಗಸರು ಮನೆಗೆ ಹೋಗಲಿಲ್ಲ. ತಾವೇ ನಡೆಸುವುದೆಂದು ನಿರ್ಧರಿಸಿದರು. ಎರಡು ವರ್ಷಗಳ ಅನಂತರ ಅವರಲ್ಲೇ ಒಂದು ಗುಂಪು ಬೇರೆಯಾಗಿ, ಹಳೆಯ ಕಾಲದ ಇಳಿಜಾರು ಕಟ್ಟೆಯ ಹಾದಿಯನ್ನು ಬಿಟ್ಟು ಸಮತಟ್ಟಾದ ನೆಲದ ಮೇಲೆ ಆಡತೊಡಗಿತು. ಕೇಳಲು ಸಣ್ಣ ಸಂಗತಿ, ಪರಿಣಾಮ ದೊಡ್ಡದು. ಇಳಿಜಾರು ಕಟ್ಟೆಗೆ ಹಣ ಬೇಕು, ಹಣಕ್ಕೆ ಯಜಮಾನ ಬೇಕು. ಸಮನೆಲಕ್ಕೆ ಒಂದು ಹಗ್ಗ ಸಾಕು. ಹಗ್ಗವನ್ನು ಅಂಡಾಕಾರವಾಗಿ ಹಾಸಿ, ಮೇಲೆ ಅಂಟುಪಟ್ಟಿ ಒತ್ತಿದರೆ ಗೋದಾಮಿನಲ್ಲಿಯೂ ಹಾದಿ ಸಿದ್ಧ. ಊರೂರಿನಲ್ಲಿ ಸಂಘಗಳು ಹುಟ್ಟಿಕೊಂಡವು. ಪೋರ್ಟ್‌ಲೆಂಡಿನದು ಹುಟ್ಟಿದ್ದು 2004ರಲ್ಲಿ. ನಾನು ನೋಡಿದ ವರ್ಷದ ಹೊತ್ತಿಗೆ ಇವುಗಳ ಒಕ್ಕೂಟದಲ್ಲಿ ಬೇರೆ ಬೇರೆ ದೇಶಗಳ 400ಕ್ಕೂ ಹೆಚ್ಚು ಸಂಘಗಳಿದ್ದವು. ಆಡುವವರಿಗೆ ಸಂಬಳವಿಲ್ಲ. ಆಡಲು ಅವರೇ ಚಂದಾ ತೆರುತ್ತಾರೆ. ಕುರ್ಚಿ ಹಾಕುವವರೂ ಕಸ ಗುಡಿಸುವವರೂ ಅವರೇ.

ಇನ್ನು ಆಟಕ್ಕೆ ಬರೋಣ. ಕಬಡ್ಡಿಯನ್ನು ಬಲ್ಲವರಿಗೆ ಇದನ್ನು ತಿಳಿಸುವುದು ಸುಲಭ. ಒಂದೊಂದು ತಂಡದಿಂದ ಐದೈದು ಮಂದಿ ಹಾದಿಗಿಳಿಯುತ್ತಾರೆ. ಅವರಲ್ಲಿ ಒಬ್ಬಳು ಶಿರಸ್ತ್ರಾಣದ ಮೇಲೆ ನಕ್ಷತ್ರದ ಗುರುತು ತೊಟ್ಟವಳು, ಆಕೆ ಜ್ಯಾಮರ್. ನಮ್ಮಲ್ಲಿ ದಾಳಿಗೆ ಹೋಗುವವಳಿದ್ದಂತೆ. ಉಳಿದ ನಾಲ್ವರು ತಡೆಯುವವರು. ಎರಡೂ ಕಡೆಯ ತಡೆಗಾರ್ತಿಯರು ಒಂದೇ ಗುಂಪಾಗಿ ಮುಂದೆ ನಿಲ್ಲುತ್ತಾರೆ, ಜ್ಯಾಮರುಗಳಿಬ್ಬರೂ ಹಿಂದೆ. ಸೀಟಿ ಊದಿದೊಡನೆ ಇವರಿಬ್ಬರೂ ಆ ಗುಂಪನ್ನು ಸೀಳಿಕೊಂಡು ಹೊರಬರಬೇಕು. ಮೊದಲ ಬಾರಿಗೆ ಅಂಕವಿಲ್ಲ. ಸುತ್ತು ಹಾಕಿ ಬಂದು ಎರಡನೆಯ ಬಾರಿ ಹೊಕ್ಕಾಗ, ದಾಟಿದ ಪ್ರತಿ ಎದುರಾಳಿ ತಡೆಗಾರ್ತಿಗೆ ಒಂದೊಂದು ಅಂಕ. ಒಂದು ಸರದಿಗೆ ಹೆಚ್ಚೆಂದರೆ ಎರಡು ನಿಮಿಷ. ನಡುವೆ ಅರ್ಧ ನಿಮಿಷದ ವಿರಾಮ. ಇಂಥ ಸರದಿಗಳನ್ನು ಪೋಣಿಸಿದ ಮೂವತ್ತು ನಿಮಿಷಗಳ ಎರಡು ಭಾಗಗಳು.

ಕಬಡ್ಡಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು. ಅಲ್ಲಿ ಒಂದು ಸಲಕ್ಕೆ ಒಂದೇ ಪಕ್ಷ ದಾಳಿಗೆ ಹೋಗುತ್ತದೆ. ಇಲ್ಲಿ ಇಬ್ಬರ ದಾಳಿಯೂ ಒಂದೇ ಕ್ಷಣದಲ್ಲಿ. ಆದ್ದರಿಂದ ತಡೆಗಾರ್ತಿ ಎದುರಾಳಿಯ ಜ್ಯಾಮರಿಗೆ ಗೋಡೆಯಾಗುತ್ತಲೇ ತನ್ನವಳಿಗೆ ಬಾಗಿಲಾಗಬೇಕು. ಹೆಗಲು, ಸೊಂಟ, ತೊಡೆಯ ಮೇಲ್ಭಾಗಗಳಿಂದ ತಳ್ಳಬಹುದು, ಮೊಣಕೈ, ಅಂಗೈ, ತಲೆಗಳನ್ನು ಬಳಸಕೂಡದು, ಬೆನ್ನಿಗೆ ಹೊಡೆಯಕೂಡದು. ತಪ್ಪಿದರೆ ಮೂವತ್ತು ಸೆಕೆಂಡು ಶಿಕ್ಷೆಯ ಕುರ್ಚಿ. ಏಳು ಸಲ ತಪ್ಪಿದವಳಿಗೆ ಆ ದಿನದ ಆಟ ಮುಗಿಯಿತು. ಕಪ್ಪುಬಿಳಿ ಪಟ್ಟೆಯಂಗಿಯ ತೀರ್ಪುಗಾರರೂ ಗಾಲಿಬೂಟಿನಲ್ಲೇ ಸುತ್ತುತ್ತಿರುತ್ತಾರೆ. ಇಷ್ಟನ್ನೂ ಮೊಮ್ಮಗಳು ಕಾರಿನಲ್ಲೇ ನನಗೆ ಪಾಠ ಮಾಡಿದ್ದಳು. ಮೊದಲ ಹತ್ತು ನಿಮಿಷ ನನಗೆ ಕಂಡದ್ದು ಮಾತ್ರ ಸಂತೆಯ ಬಾಗಿಲಲ್ಲಿ ಬಸ್ಸು ಹತ್ತುವ ನೂಕುನುಗ್ಗಲು. ಆಮೇಲೆ, ಬಿಡಿಬಿಡಿ ಅಕ್ಷರಗಳು ಕೂಡಿ ಪದವಾಗುವಂತೆ, ನೂಕುನುಗ್ಗಲಿನೊಳಗಿನ ಹೆಣಿಗೆ ಕಾಣತೊಡಗಿತು. ಮೂವರು ಹೆಂಗಸರು ಹೆಗಲಿಗೆ ಹೆಗಲು ಕೊಟ್ಟು ಬೆನ್ನು ಹಿಂದಕ್ಕೆ ಒತ್ತಿ ನಿಂತಿದ್ದಾರೆ. ನಾಲ್ಕನೆಯವಳು ಅವರ ಕಡೆ ಮುಖ ಮಾಡಿ, ತೋಳು ಹಿಡಿದು, ಅವರ ಬೆನ್ನ ಹಿಂದೆ ಏನಾಗುತ್ತಿದೆಯೆಂಬುದನ್ನು ಕೂಗಿ ಹೇಳುತ್ತಿದ್ದಾಳೆ. ಅವಳ ಕಣ್ಣಿನಿಂದ ಆ ಮೂವರು ನೋಡುತ್ತಿದ್ದಾರೆ.

ಹಾದಿಯ ಅಂಚಿಗೇ ನೆಲದ ಮೇಲೆ ಕೂರುವ ಜಾಗವೊಂದಿದೆ. ಆಟಗಾರ್ತಿ ಜಾರಿ ಮಡಿಲಿಗೆ ಬಂದು ಬೀಳಬಹುದಾದ್ದರಿಂದ ಅದು ವಯಸ್ಕರಿಗೆ ಮಾತ್ರ. ನಾನು ವಯಸ್ಕಳಾಗಿ ಬಹಳ ಕಾಲವಾಗಿದ್ದರೂ ಮೇಲಿನ ಬೆಂಚೇ ಕ್ಷೇಮವೆನಿಸಿತು. ಅಬ್ಬರದ ಸಂಗೀತ, ಧ್ವನಿವರ್ಧಕದಲ್ಲಿ ಎಡೆಬಿಡದ ವ್ಯಾಖ್ಯಾನ, ಬೀರಿನ ವಾಸನೆ ಇವು ನನಗೆ ಸೇರಲಿಲ್ಲ, ಈಗಲೂ ಸೇರುವುದಿಲ್ಲ. ಗಾಲಿಗಳು ನೆಲವನ್ನು ಉಜ್ಜುವ ಸದ್ದೊಂದೇ ಇದ್ದಿದ್ದರೆ ಆಟ ಇನ್ನೂ ಗಂಭೀರವಾಗುತ್ತಿತ್ತು. ಆದರೆ ಆಡುವವರಿಗೆ ಗಾಂಭೀರ್ಯದ ಹಂಗಿದ್ದಂತೆ ಕಾಣಲಿಲ್ಲ.

ಅದಕ್ಕೆ ಅವರ ಹೆಸರುಗಳೇ ಸಾಕ್ಷಿ. ಈ ಆಟಕ್ಕೆ ಬಂದವಳು ತಂದೆತಾಯಿ ಇಟ್ಟ ಹೆಸರನ್ನು ಬಾಗಿಲಲ್ಲಿ ಬಿಟ್ಟು, ತಾನೇ ಒಂದು ಹೆಸರು ಕಟ್ಟಿಕೊಳ್ಳುತ್ತಾಳೆ. ಸಿನಿಮಾ ತಾರೆಯ ಹೆಸರಿಗೆ ಕೊಡಲಿಯ ಬಾಲ, ರಾಣಿಯ ಹೆಸರಿಗೆ ಗುದ್ದಿನ ಶಬ್ದ, ಕೆಲವು ಶುದ್ಧ ಪೋಲಿ. ಪಂಡಿತರು ಶ್ಲೇಷೆ ಎಂದು ಕರೆಯುವ ಅಲಂಕಾರ ಇಷ್ಟು ದಂಡಿಯಾಗಿ ಒಂದೇ ಕಡೆ ಸೂರೆಗೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮಲ್ಲಿ ಈ ಆಟ ಬಂದರೆ ಹೊಸದಾಗಿ ಕಟ್ಟುವ ಕಷ್ಟವಿಲ್ಲ. ಒನಕೆ ಓಬವ್ವ ಎಂಬ ಹೆಸರು ಸಿದ್ಧವಾಗಿಯೇ ಇದೆ. ಚಿತ್ರದುರ್ಗದ ಆ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿ ಬಂದವರನ್ನು ತಡೆದು ನಿಂತವಳು ಅವಳಲ್ಲದೆ ಮತ್ತಾರು? ಈ ಮಾತನ್ನು ಮೊಮ್ಮಗಳಿಗೆ ಹೇಳಿದೆ. ಅವಳು ಗಂಭೀರವಾಗಿ, “ಅಜ್ಜಿ, ಅದನ್ನು ಯಾರಿಗೂ ಹೇಳಬೇಡಿ. ನನಗೇ ಬೇಕು” ಎಂದಳು.

ಆಡುತ್ತಿದ್ದವರ ಮೈಕಟ್ಟನ್ನು ಕುರಿತು ಒಂದು ಮಾತು. ಸಣ್ಣಗೆ ಬಳುಕುವವರೂ ಇದ್ದರು. ಎತ್ತರದವರೂ ಕುಳ್ಳಗಿನವರೂ ಇದ್ದರು. ನಮ್ಮ ಕಡೆ ಮದುವೆಮನೆಯಲ್ಲಿ ನೋಡಿದವರು “ಸ್ವಲ್ಪ ಇಳಿಯಬೇಕಮ್ಮ” ಎಂದು ಉಪದೇಶ ಮಾಡುವಂಥ ದಪ್ಪಗಿನವರೂ ಇದ್ದರು. ಜ್ಯಾಮರ್ ಹಗುರವಾಗಿದ್ದರೆ ಸಂದಿಯಲ್ಲಿ ನುಸುಳಬಹುದು. ಆದರೆ ಗೋಡೆಗೆ ತೂಕ ಬೇಕು. ಅಗಲವಾದ ಸೊಂಟದ ಒಬ್ಬಾಕೆ ಹಾದಿಯ ಒಳಗೆರೆಯ ಪಕ್ಕ ತಳವೂರಿ ನಿಂತಳು. ಎದುರು ಪಕ್ಷದ ಚುರುಕಿನ ಜ್ಯಾಮರ್ ಎಡಕ್ಕೆ ತಿರುಗಿದರೆ ಅಲ್ಲಿ ಅವಳು, ಬಲಕ್ಕೆ ತಿರುಗಿದರೆ ಅಲ್ಲಿಯೂ ಅವಳು. ಒಂದು ನಿಮಿಷ ನಲವತ್ತು ಸೆಕೆಂಡು ಆ ಹುಡುಗಿ ಹೊರಬರಲಾಗಲಿಲ್ಲ. ಜನ ಆ ತಡೆಗಾರ್ತಿಯ ಹೆಸರು ಹಿಡಿದು ಕೂಗುತ್ತಿದ್ದರು. ಹೆಣ್ಣಿನ ತೂಕವನ್ನು ಜನ ಎದ್ದು ನಿಂತು ಕೊಂಡಾಡುವುದನ್ನು ನನ್ನ ಎಪ್ಪತ್ತು ವರ್ಷಗಳಲ್ಲಿ ನಾನು ನೋಡಿದ್ದು ಅದೊಂದೇ ಸಲ.

ವಿರಾಮದಲ್ಲಿ ಹೊರಬಾಗಿಲ ಬಳಿ ಅಂಗಿಗಳನ್ನು ಮಾರುತ್ತಿದ್ದ ಹೆಂಗಸೊಬ್ಬಳೊಡನೆ ಮಗಳು ಮಾತಿಗೆ ನಿಂತಳು. ಆಕೆಯೂ ಆಟಗಾರ್ತಿಯೇ, ಅಂದು ಅವಳ ತಂಡದ ಸರದಿಯಿರಲಿಲ್ಲ. ವಯಸ್ಸು ನಲವತ್ತೊಂದು, ಆಸ್ಪತ್ರೆಯಲ್ಲಿ ದಾದಿ, ಎರಡು ಮಕ್ಕಳ ತಾಯಿ. ಗಾಲಿಬೂಟು ಮೊದಲ ಬಾರಿಗೆ ಕಟ್ಟಿದ್ದು ಮೂವತ್ತನಾಲ್ಕನೆಯ ವಯಸ್ಸಿನಲ್ಲಿ. ಶಾಲೆಯಲ್ಲಿ ಯಾವ ಆಟವನ್ನೂ ಆಡಿದವಳಲ್ಲವಂತೆ. ಮೊದಲ ಎರಡು ತಿಂಗಳು ತಾನು ಬೀಳುವುದನ್ನು ಮಾತ್ರ ಕಲಿತೆನೆಂದಳು. ನಾನು ತಮಾಷೆಯೆಂದುಕೊಂಡೆನೇನೋ ಎಂದು ಸಂಶಯಪಟ್ಟು ವಿವರಿಸಿದಳು: ಬೀಳುವುದು ತಪ್ಪುವುದಿಲ್ಲ. ಆದ್ದರಿಂದ ಒಂದು ಮಂಡಿಯ ಮೇಲೆ ಬೀಳಬೇಕು, ಎರಡೂ ಮಂಡಿಯ ಮೇಲೆ ಬೀಳಬೇಕು. ಬಿದ್ದಾಗ ಬೆರಳುಗಳನ್ನು ಮುಷ್ಟಿಯೊಳಗೆ ಮಡಿಸಿ, ಕೈಕಾಲು ಒಳಕ್ಕೆಳೆದು, ಮೈಯನ್ನು ಪುಟ್ಟದಾಗಿಸಬೇಕು. ಹರಡಿಕೊಂಡು ಬಿದ್ದರೆ ಮತ್ತೊಬ್ಬಳು ಎಡವುತ್ತಾಳೆ. ಆಮೇಲೆ ಕೈಯೂರದೆ ಏಳಬೇಕು, ಎರಡು ಮೂರು ಸೆಕೆಂಡಿನೊಳಗೆ. ಮೊಣಕೈ, ಮಣಿಕಟ್ಟು, ಮಂಡಿಗಳಿಗೆ ಕಟ್ಟುವ ಕವಚಗಳನ್ನು ತೋರಿಸಿದಳು. ಅವುಗಳ ನಾರುವಿಕೆಯನ್ನು ಕುರಿತು ಅವರಲ್ಲಿ ಹಾಸ್ಯವೇ ಬೆಳೆದಿದೆಯಂತೆ.

ಮಗಳು ಕೇಳಿದಳು: “ಮೂಳೆ ಮುರಿಯುವುದಿಲ್ಲವೆ?”

“ಮುರಿಯುತ್ತದೆ” ಎಂದಳು ಆಕೆ. ಎಡಗಾಲ ಹರಡಿನ ಮೇಲಿನ ಗಾಯದ ಗೆರೆಯನ್ನು ತೋರಿಸಿದಳು. “ಒಳಗೆ ಒಂದು ಲೋಹದ ಪಟ್ಟಿಯಿದೆ. ಹತ್ತು ತಿಂಗಳು ಆಡಲಿಲ್ಲ. ಆಗ ಅಂಕ ಬರೆಯುವ ಕೆಲಸ ಮಾಡುತ್ತಿದ್ದೆ.”

ಸುಳ್ಳು ಸಮಾಧಾನ ಹೇಳದ ಆ ಉತ್ತರ ನನಗೆ ಮೆಚ್ಚಿಕೆಯಾಯಿತು. ಮಗಳ ಮುಖ ಮಾತ್ರ ಬಾಡಿತು.

ನಮ್ಮ ಊರುಗಳಲ್ಲಿ ಹೆಣ್ಣುಮಕ್ಕಳ ಆಟ ಸಾಧಾರಣವಾಗಿ ಹತ್ತನೆಯ ತರಗತಿಗೆ ನಿಲ್ಲುತ್ತದೆ. ಯಾರೂ ನಿಲ್ಲಿಸೆಂದು ಆಜ್ಞೆ ಮಾಡುವುದಿಲ್ಲ. ಪರೀಕ್ಷೆ ಬರುತ್ತದೆ, ಪಾಠ ಹೇಳಿಸಿಕೊಳ್ಳಲು ಹೋಗುವ ಹೊತ್ತು ಬರುತ್ತದೆ, ಬಟ್ಟೆ ಬದಲಾಗುತ್ತದೆ. ಒಂದು ದಿನ ಖೋಖೋ ಕಂಬಗಳ ನಡುವೆ ಇರುತ್ತಿದ್ದವಳು ಮರುವರ್ಷ ಕ್ರೀಡೋತ್ಸವದ ವೇದಿಕೆಯಲ್ಲಿ ಆರತಿ ತಟ್ಟೆ ಹಿಡಿದು ನಿಂತಿರುತ್ತಾಳೆ. ಇದನ್ನು ಮೀರಿದವರು ಇಲ್ಲವೆಂದಲ್ಲ. 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟಕ್ಕೆ ಮಹಿಳೆಯರ ಕಬಡ್ಡಿ ಮೊದಲ ಸಲ ಸೇರಿದಾಗ ಚಿನ್ನ ಗೆದ್ದ ಭಾರತ ತಂಡದಲ್ಲಿ ಉಡುಪಿ ಜಿಲ್ಲೆಯ ಮಮತಾ ಪೂಜಾರಿ ಇದ್ದರು. 2012ರ ವಿಶ್ವಕಪ್ಪನ್ನು ಪಟನಾದಲ್ಲಿ ಗೆದ್ದಾಗ ಆಕೆಯೇ ನಾಯಕಿ. ಆದರೆ ಅವರು ಆಟವನ್ನೇ ಬದುಕಾಗಿಸಿಕೊಂಡ ಅಸಾಮಾನ್ಯರು. ನಾನು ಹೇಳುತ್ತಿರುವುದು ಪದಕದ ಆಸೆಯಿಲ್ಲದ, ಮೂವತ್ತು ಕಳೆದ, ಸಂಜೆ ಕೆಲಸ ಮುಗಿಸಿ ಬಂದ ಸಾಮಾನ್ಯ ಹೆಂಗಸಿನ ವಿಷಯ. ಅವಳಿಗೆ ನಮ್ಮಲ್ಲಿ ವಾಯುವಿಹಾರವುಂಟು, ಯೋಗಾಸನವುಂಟು. ಎರಡೂ ಆರೋಗ್ಯಕ್ಕಾಗಿ, ಅಂದರೆ ವೈದ್ಯರ ಅಪ್ಪಣೆಯಿಂದ. ಗೆಲ್ಲುವುದಕ್ಕಾಗಿ ಬೆವರುವ ಜಾಗ ಯಾವುದು? ಅಂಗಿ ಮಾರುತ್ತಿದ್ದ ಆ ದಾದಿಯ ಆಟ ಶುರುವಾದದ್ದು ನಮ್ಮವರ ಆಟ ಮರೆತು ಇಪ್ಪತ್ತು ವರ್ಷವಾಗುವ ವಯಸ್ಸಿನಲ್ಲಿ.

ಎರಡನೆಯ ಭಾಗದಲ್ಲಿ ನಾವು ಯಾವುದಕ್ಕೆ ಅಂಜಿ ಬಂದಿದ್ದೆವೋ ಅದು ನಡೆಯಿತು. ತಿರುವಿನಲ್ಲಿ ಇಬ್ಬರ ಹೆಗಲು ತಾಗಿ ಒಬ್ಬ ಜ್ಯಾಮರ್ ಗೆರೆಯಾಚೆ ಬಿದ್ದಳು. ಎಲ್ಲರೂ ಬೀಳುವಂತೆಯೇ ಬಿದ್ದಳು. ಆದರೆ ಏಳಲಿಲ್ಲ. ಸೀಟಿಗಳು ಒಂದರ ಹಿಂದೆ ಒಂದು ಕೂಗಿದವು. ಸಂಗೀತ ತಟಕ್ಕನೆ ನಿಂತಿತು. ಆಗ ಹಾದಿಯ ಮೇಲಿದ್ದ ಅಷ್ಟೂ ಮಂದಿ, ಎರಡೂ ತಂಡದವರು, ತಾವಿದ್ದ ಜಾಗದಲ್ಲೇ ಒಂದು ಮಂಡಿಯೂರಿ ಕೂತರು. ಆಚೆಯ ಬೆಂಚಿನಲ್ಲಿದ್ದವರೂ ಕೂತರು. ಇದು ಈ ಆಟದ ಪದ್ಧತಿಯೆಂದು ಮೊಮ್ಮಗಳು ಪಿಸುಗುಟ್ಟಿದಳು. ವೈದ್ಯಸಹಾಯಕರು ಓಡಿ ಬಂದು ಬಾಗಿದರು. ಆ ದೊಡ್ಡ ಕೊಟ್ಟಿಗೆಯಲ್ಲಿ ಒಂದು ಕೈಗೂಸಿನ ಅಳು ಬಿಟ್ಟರೆ ಬೇರೆ ಸದ್ದಿಲ್ಲ. ಅವಳನ್ನು ಕೆಡವಿದ ಎದುರಾಳಿ ಎಲ್ಲರಿಗಿಂತ ಹತ್ತಿರ ಕೂತಿದ್ದಳು. ಬಾಯಿಯ ರಕ್ಷಾಕವಚವನ್ನು ತೆಗೆದು ಕೈಯಲ್ಲಿ ಹಿಡಿದು, ಬಿದ್ದವಳ ಕಾಲನ್ನೇ ನೋಡುತ್ತಿದ್ದಳು.

ಐದು ನಿಮಿಷವಾಗಿರಬಹುದು. ಮಗಳು ನನ್ನ ಮಣಿಕಟ್ಟನ್ನು ಹಿಡಿದಿದ್ದಳು. ಹಿಡಿದಿರುವುದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಮೊಮ್ಮಗಳು ಬೆಂಚಿನ ತುದಿಯಲ್ಲಿ ಕೂತು, ಕಣ್ಣು ಮಿಟುಕಿಸದೆ, ತಾಯಿಯ ಕಡೆ ಮಾತ್ರ ತಿರುಗದೆ ನೋಡುತ್ತಿದ್ದಳು. ಆ ಕ್ಷಣದಲ್ಲಿ ಏನು ತೀರ್ಮಾನವಾಗುತ್ತಿದೆಯೆಂಬುದು ಅವಳಿಗೆ ಚೆನ್ನಾಗಿ ತಿಳಿದಿತ್ತು. ಕೊನೆಗೆ ಆ ಹೆಂಗಸು ಇಬ್ಬರ ಹೆಗಲ ಮೇಲೆ ಕೈ ಹಾಕಿ, ಒಂದು ಕಾಲು ಮಡಿಸಿಕೊಂಡು ಎದ್ದಳು. ಎದ್ದೊಡನೆ ಮಂಡಿಯೂರಿದ್ದವರೆಲ್ಲ ಚಪ್ಪಾಳೆ ತಟ್ಟಿದರು, ನಾವೂ ತಟ್ಟಿದೆವು. ಕೆಡವಿದವಳು ಪಕ್ಕದಲ್ಲೇ ಸ್ವಲ್ಪ ದೂರ ಜಾರಿಕೊಂಡು ಹೋಗಿ ಏನೋ ಹೇಳಿದಳು. ಇಬ್ಬರೂ ನಕ್ಕರು. ಅರ್ಧ ನಿಮಿಷದ ಬಳಿಕ ಮತ್ತೆ ಸೀಟಿ, ಮತ್ತೆ ಅದೇ ತಳ್ಳಾಟ. ಅಂದು ಗೆದ್ದವರು ಯಾರೆಂಬುದು ನನಗೆ ನೆನಪಿಲ್ಲ. ಗುಲಾಬಿಬಣ್ಣದ ಕಾಲುಚೀಲದ ಅಗಲ ಸೊಂಟದವಳು ಸೋತ ಪಕ್ಷದಲ್ಲಿದ್ದಳೆಂಬುದು ನೆನಪಿದೆ, ನನಗೆ ಬೇಸರವಾಗಿತ್ತು.

ಹಿಂದಿರುಗುವ ದಾರಿಯಲ್ಲಿ ಸೇತುವೆ ದಾಟುವವರೆಗೆ ಯಾರೂ ಮಾತಾಡಲಿಲ್ಲ. ಆಮೇಲೆ ಮಗಳು, “ನೀನೇನಂತೀಯಮ್ಮ?” ಎಂದಳು. ಕಾಲು ಮುರಿಯಬಹುದೆಂದು ಹೇಳಿದೆ. ಮುರಿದರೆ ಎಲ್ಲರೂ ಮಂಡಿಯೂರಿ ಕೂರುತ್ತಾರೆಂದೂ ಹೇಳಿದೆ. ಬೇರೆ ಎಲ್ಲಿಯಾದರೂ ಬಿದ್ದರೆ ಹಾಗೆ ಕೂರುವವರು ಸಿಗುತ್ತಾರೆಯೆ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಅಳಿಯಂದಿರು ಊಟದ ಹೊತ್ತಿಗೆ ವಿಮೆಯ ವಿಷಯವನ್ನೂ ಶಾಲೆಯ ಅಂಕಗಳ ವಿಷಯವನ್ನೂ ಎತ್ತಿದರು. ಕಿರಿಯರ ಆಟದಲ್ಲಿ ತಳ್ಳಾಟಕ್ಕೆ ಮೂರು ಹಂತಗಳಿವೆ, ಮೊದಲ ಹಂತದಲ್ಲೇ ಯಾರೂ ಯಾರನ್ನೂ ಕೆಡವುವಂತಿಲ್ಲ ಎಂದು ಮೊಮ್ಮಗಳು ವಕೀಲರಂತೆ ವಾದಿಸಿದಳು. ಮಾತು ಹನ್ನೊಂದು ಗಂಟೆಯವರೆಗೆ ನಡೆಯಿತು. ಕಾಗದ ಮತ್ತೂ ಮೂರು ದಿನ ಬುಟ್ಟಿಯ ಕೆಳಗಿತ್ತು. ನಾಲ್ಕನೆಯ ದಿನ ಮಗಳು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ, ನಿಂತಲ್ಲೇ, ಸಹಿ ಮಾಡಿದಳು.

ಮೊದಲ ಅಭ್ಯಾಸದ ಸಂಜೆ ಒಂದು ತೊಡಕು ಬಂತು. ಮೊಮ್ಮಗಳ ಜಡೆ ದಪ್ಪ; ಶಿರಸ್ತ್ರಾಣ ಕೂರಲೊಲ್ಲದು. ಒಂದು ಜಡೆ ಬಿಚ್ಚಿ ಎರಡು ಹೆಣೆದೆ, ಕಿವಿಯ ಕೆಳಗೆ ಬರುವಂತೆ, ಬಿಗಿಯಾಗಿ. ತಲೆ ಅಲ್ಲಾಡಿಸಿ ನೋಡಿದಳು. ಕದಲಲಿಲ್ಲ.